ಪಗ್ಗಿನಲ್ಲಿ ಆಟಿಯ ಮಳೆ: ಸಂಪಾದಕರ ಉತ್ತರ

ಓದುಗರ ಪತ್ರ: ಕಳೆದ ಸಂಚಿಕೆಯ ‘ಪಗ್ಗು’ ಕವಿತೆಯನ್ನು ನಮ್ಮ ಓದುಗರ ಕೂಟದಲ್ಲಿ ಚರ್ಚೆಗೆ ಇಟ್ಟೆವು. ತುಳುವರ ಪಗ್ಗು ತಿಂಗಳೆಂದರೆ ಕಡುಬೇಸಿಗೆ, ಅಲ್ಲಿ ನಡುಮಳೆಗಾಲದ ಆಟಿ ತಿಂಗಳ ಮಳೆ ಹೇಗೆ ಬಂತು? ಅಚ್ಚಿನ ತಪ್ಪೇ? ಹನಿ ಅಂದರೆ ಜೀವಾತ್ಮ, ದಂಬೆ ಅಂದರೆ ದೇಹ ಎಂದು ಒಬ್ಬರು ಅರ್ಥ ಹೇಳಿದರು. ಎಲ್ಲರೂ ತಲೆದೂಗಿದರು, ನನಗೆ ಸಮಾಧಾನವಾಗಲಿಲ್ಲ. ಪ್ರಾಸವೂ ಇಲ್ಲ. ಇಂಥ ಪುಟ್ಟ ಪ್ರಕೃತಿ ಕವಿತೆಯಲ್ಲಿ ಆಳದ ಅರ್ಥ ಹುಡುಕುವುದಕ್ಕೆ ಕ್ರಮ ಅಂತ ಏನಾದರೂ ಇದೆಯೇ? ಕವಿಯನ್ನೇ ಕೇಳಿ ತಿಳಿಸಿದರೂ ಆದೀತು.
— ಕುಂಬಳೆಯ ಓದುಗರು

ಮಾನ್ಯರೇ,

ಕವಿತೆ ಎಲ್ಲರ ಕಣ್ಣೆದುರು ಇರಲಿ ಎಂದು ಇನ್ನೊಮ್ಮೆ ಕೊಡುತ್ತಿದ್ದೇವೆ:

ಪಗ್ಗು

ಪದವಿನ ಮುಳಿಗೆ ಹಂಚಿನ ಬಣ್ಣ.
ದಂಬೆಯ ತುದಿಗೆ ಒಂದು ಹನಿ.
ಕಳೆದ ಆಟಿಯ ಮಳೆ
ಇನ್ನೂ
ನಡೆದು ಬರುತ್ತಿದೆ.

ಕವಿಯನ್ನು ಕೇಳಿಲ್ಲ. ಕೇಳಿದರೆ ಅವರು ಏನೋ ಒಂದು ಹೇಳುತ್ತಾರೆ, ಆಮೇಲೆ ನಿಮ್ಮ ಕೂಟದಲ್ಲಿ ಕವಿತೆಯನ್ನು ಯಾರೂ ಓದುವುದಿಲ್ಲ, ಕವಿ ಹೇಳಿದ್ದನ್ನು ಮಾತ್ರ ಓದುತ್ತಾರೆ. ಪ್ರಾಸದ ವಿಷಯವನ್ನು ಇಲ್ಲೇ ಮುಗಿಸೋಣ. ಪ್ರಾಸ ಬಿಟ್ಟರೂ ಕವಿತೆ ನಿಲ್ಲುತ್ತದೆ ಎಂದು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ತೋರಿಸಿಕೊಟ್ಟಾಗಿದೆ. ಕಾಸರಗೋಡಿನವರು ಆ ಜಗಳವನ್ನು ಮತ್ತೆ ತೆಗೆಯಬೇಕಾಗಿಲ್ಲ.

ಆಟಿ ಅಚ್ಚಿನ ತಪ್ಪಲ್ಲ. ಕವಿತೆ ಇಡೀ ಆ ಒಂದು ಪದದ ಮೇಲೆ ನಿಂತಿದೆ. ನಿಮಗೆ ಅದು ತಪ್ಪೆಂದು ಕಂಡದ್ದು, ನಮ್ಮ ಲೆಕ್ಕದಲ್ಲಿ, ನಿಮ್ಮ ಕೂಟದಲ್ಲಿ ಆ ದಿನ ನಡೆದ ಅತ್ಯಂತ ಒಳ್ಳೆಯ ಓದು. ಉಳಿದವರು ಎಡವದೆ ದಾಟಿ ಹೋದರು, ನೀವು ಎಡವಿದಿರಿ. ಎಡವಿದಲ್ಲೇ ಅಗೆಯಬೇಕು.

ಹಾಗೆ ಅಗೆಯುವ ಮುಂಚೆ ವಾಚ್ಯಾರ್ಥವನ್ನು ಪೂರ್ತಿ ಕೈಗೆ ತೆಗೆದುಕೊಳ್ಳಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಆಳದ ಅರ್ಥ ಬೇಕೆಂಬ ಅವಸರದಲ್ಲಿ ಮೇಲಿನ ಅರ್ಥವನ್ನೇ ಬಿಟ್ಟಿರುತ್ತಾರೆ. ಕವಿತೆಯನ್ನು ಕೈಯಲ್ಲಿ ಬರೆದುಕೊಳ್ಳಿ, ಸಾಲಿನ ನಡುವೆ ಎರಡು ಬೆರಳು ಜಾಗ ಬಿಡಿ, ಪ್ರತಿ ಸಾಲಿನ ಕೆಳಗೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ: ಯಾವ ತಿಂಗಳು, ಯಾವ ಜಾಗ, ಕಣ್ಣಿಗೆ ಕಾಣುವ ವಸ್ತು ಯಾವುದು. ‘ಪಗ್ಗು’ ಕವಿತೆಗೆ ಹೀಗೆ ಮಾಡಿದರೆ ಸಿಗುವುದಿಷ್ಟು. ಪಗ್ಗು ತುಳುವರ ಹೊಸವರ್ಷವಾದ ಬಿಸುವಿನಿಂದ ಶುರು, ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ. ಪದವು ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಬಯಲು ಗುಡ್ಡ. ಮುಳಿಹುಲ್ಲು ಒಣಗಿ ಕೆಂಪಗೆ ನಿಂತಿದೆ. ದಂಬೆ ಅಂದರೆ ಅಡಿಕೆ ಮರವನ್ನು ಸೀಳಿ, ಒಳಗಿನ ತಿರುಳು ತೆಗೆದು ಮಾಡಿದ ನೀರಿನ ದಾರಿ. ಈಗ ಅದರ ಜಾಗಕ್ಕೆ ಪೈಪು ಬಂದಿದೆ, ಅದು ಬೇರೆ ಮಾತು.

ಇನ್ನು ನಾಲ್ಕನೆಯ ಪ್ರಶ್ನೆ: ಹೇಳದೇ ಬಿಟ್ಟದ್ದು ಏನು? ದಂಬೆ ಇದೆ, ಅದರ ತುದಿ ಇದೆ. ಅದರ ಇನ್ನೊಂದು ತುದಿ ಎಲ್ಲಿದೆ? ಪಗ್ಗಿನಲ್ಲಿ, ಪದವಿನ ಬದಿಯಲ್ಲಿ, ದಂಬೆಗೆ ನೀರು ಕೊಡುವುದು ಒಂದೇ. ಸುರಂಗ. ಆ ಪದ ಕವಿತೆಯಲ್ಲಿ ಇಲ್ಲವೇ ಇಲ್ಲ. ಬಾಯಾರು, ಪೆರ್ಲ, ಎಣ್ಮಕಜೆ ಕಡೆಯವರಿಗೆ ಅದನ್ನು ಹೇಳಬೇಕಾಗಿಲ್ಲ. ಕುಂಬಳೆಯ ಕರಾವಳಿಯ ಮರಳು ನೆಲದಲ್ಲಿ ಬಾವಿ ಸಾಕಾಗುತ್ತದೆ, ಹಾಗಾಗಿ ನಿಮ್ಮ ಕೂಟಕ್ಕೆ ಅದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಗುಡ್ಡದ ಬದಿಗೆ ಅಡ್ಡಕ್ಕೆ, ಒಬ್ಬ ಆಳು ಪಿಕ್ಕಾಸು ಬೀಸುವಷ್ಟೇ ಅಗಲಕ್ಕೆ, ತಲೆ ತಾಗದಷ್ಟು ಎತ್ತರಕ್ಕೆ ಕೊರೆದ ಮಾಟೆ ಅದು. ತಳ ಹೊರಕ್ಕೆ ಸ್ವಲ್ಪ ಇಳಿಜಾರು. ನೀರು ತಾನಾಗಿ ಹೊರಬರುತ್ತದೆ, ಪಂಪು ಬೇಡ.

ಈಗ ಆಟಿಗೆ ಬನ್ನಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳಿಗೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿಗೆ ತೂತುಗಳು, ನೀರು ಇಳಿಯುತ್ತದೆ. ಕೆಳಗಿನ ಜೇಡಿಮಣ್ಣು ಅದನ್ನು ಬಿಡುವುದಿಲ್ಲ. ಇಳಿಯಲಾಗದ ನೀರು ಅಡ್ಡಕ್ಕೆ, ಬಹಳ ನಿಧಾನವಾಗಿ ಸರಿಯುತ್ತದೆ, ಸುರಂಗದ ಗೋಡೆ ಸಿಕ್ಕಲ್ಲಿ ಒಸರುತ್ತದೆ. ಹಾಗಾದರೆ ಪಗ್ಗಿನ ಹನಿ ಕಳೆದ ಮಳೆಗಾಲದ್ದು ಎನ್ನುವುದು ಅಲಂಕಾರವಲ್ಲ, ನೆಲದ ಲೆಕ್ಕ. ‘ನಡೆದು’ ಎನ್ನುವುದೊಂದೇ ಅಲಂಕಾರ.

ನೇರ ಅರ್ಥ ಕೂಡಿಬರದ ಇಂಥ ಜಾಗವನ್ನು ನಮ್ಮ ಕಾವ್ಯಮೀಮಾಂಸೆ ‘ಮುಖ್ಯಾರ್ಥಬಾಧೆ’ ಎನ್ನುತ್ತದೆ. ಗಂಗೆಯಲ್ಲಿ ಹಟ್ಟಿ ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲದು, ಆದ್ದರಿಂದ ದಡ ಎಂದು ತಿಳಿಯುತ್ತೇವೆ. ಆದರೆ ‘ದಡದಲ್ಲಿ’ ಎನ್ನದೆ ‘ಗಂಗೆಯಲ್ಲಿ’ ಎಂದದ್ದರಿಂದ ತಂಪು, ಪಾವನತೆ ಎಲ್ಲ ಹೊಳೆಯುತ್ತದೆ. ಆ ಹೊಳೆಯುವುದೇ ಧ್ವನಿ, ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನ ಕಾವ್ಯದ ಆತ್ಮ ಎಂದದ್ದು. ಇಲ್ಲೂ ಅದೇ ಕ್ರಮ. ಮಳೆ ನಡೆಯುವುದಿಲ್ಲ, ಆದ್ದರಿಂದ ಒಸರು ಎಂದು ತಿಳಿಯುತ್ತೇವೆ. ಹಾಗಾದರೆ ‘ಒಸರುತ್ತಿದೆ’ ಎಂದೇ ಬರೆಯಬಹುದಿತ್ತಲ್ಲ?

ಬರೆದು ನೋಡಿ. ಪದ ಬದಲಿಸಿ ನೋಡುವುದಕ್ಕಿಂತ ಒಳ್ಳೆಯ ಉಪಾಯ ನಮಗೆ ತಿಳಿದಿಲ್ಲ. ‘ಕಳೆದ ಆಟಿಯ ಮಳೆ ಇನ್ನೂ ಒಸರುತ್ತಿದೆ’: ಮಾಹಿತಿ ಉಳಿಯಿತು, ಬೇರೇನೋ ಹೋಯಿತು. ಹೋದದ್ದು ಏನು? ಒಂದು, ಕಾಲ್ನಡಿಗೆಯ ದೂರ ಮತ್ತು ದಣಿವು. ಇನ್ನೊಂದು ನಮ್ಮ ದಿನದ ಮಾತಿನಲ್ಲೇ ಅಡಗಿದೆ. ಅಂಗಳದಲ್ಲಿ ಬಟ್ಟೆ ಒಣಗಿಸಿದವರು ‘ಮಳೆ ಬರ್ತಾ ಉಂಟು’ ಎಂದು ಕೂಗುತ್ತಾರಲ್ಲ? ‘ಮಳೆ… ಬರುತ್ತಿದೆ’ ಎಂಬ ಆ ಸಾದಾ ವಾಕ್ಯ ಈ ಕವಿತೆಯ ಒಳಗಿದೆ, ನಡುವೆ ‘ಇನ್ನೂ ನಡೆದು’ ಎಂದು ಸೇರಿಸಿದ್ದಾರೆ ಅಷ್ಟೆ. ಆಕಾಶದಲ್ಲಿ ಮೋಡವಿಲ್ಲದ ತಿಂಗಳಲ್ಲಿ ಮಳೆ ಬರುತ್ತಿದೆ, ಆದರೆ ಮೇಲಿನಿಂದಲ್ಲ.

ಅದೇ ರೀತಿ ‘ತುದಿಗೆ’ ಎನ್ನುವುದನ್ನು ‘ತುದಿಯಲ್ಲಿ’ ಎಂದು ಬದಲಿಸಿ. ಸಪ್ತಮಿಯಾದರೆ ಹನಿ ಸುಮ್ಮನೆ ಕೂತಿರುತ್ತದೆ. ಚತುರ್ಥಿಯಾದರೆ ಎಲ್ಲಿಂದಲೋ ಅಲ್ಲಿಗೆ ತಲುಪಿರುತ್ತದೆ. ಕೊನೆಯ ಸಾಲಿನ ನಡಿಗೆಗೆ ಎರಡನೇ ಸಾಲಿನ ಒಂದು ‘ಗೆ’ ಮೊದಲೇ ದಾರಿ ಮಾಡಿಕೊಟ್ಟಿದೆ. ‘ಕಳೆದ’ ಎನ್ನುವುದರ ಬದಲು ‘ಹೋದ’ ಎಂದು ಹಾಕಿ: ಹಿಂದಿನ ವರ್ಷದ ಆಟಿ ಎಂಬ ಅರ್ಥ ಉಳಿಯುತ್ತದೆ, ಕಳೆದುಹೋದದ್ದು ಎಂಬ ನೆರಳು ಅಳಿಸಿಹೋಗುತ್ತದೆ. ಕಳೆದುಕೊಂಡೆವು ಎಂದುಕೊಂಡದ್ದು ಬರುತ್ತಿದೆ.

ಮಾತ್ರೆ ಎಣಿಸುವುದನ್ನು ಛಂದೋಬದ್ಧ ಪದ್ಯಕ್ಕೆ ಮಾತ್ರ ಎಂದು ಬಿಡಬೇಡಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಅನುಸ್ವಾರ ಇರುವುದಕ್ಕೂ ಎರಡು. ಸಾಲಿನ ಕೊನೆಯ ಲಘುವನ್ನು ಇಲ್ಲಿ ಲಘುವಾಗಿಯೇ ಇಟ್ಟಿದ್ದೇವೆ. ಐದು ಸಾಲಿಗೆ ಬರುವುದು 14, 12, 9, 4, 8. ಬೇಸಿಗೆಯ ನೀರಿನ ಹಾಗೆ ಸಾಲು ಸಪುರವಾಗುತ್ತ ಬಂದು, ‘ಇನ್ನೂ’ ಎಂಬಲ್ಲಿ ನಿಂತೇ ಹೋಯಿತೋ ಎಂಬಂತಾಗಿ, ಮತ್ತೆ ಹೊರಡುತ್ತದೆ. ಕ್ರಿಯಾಪದವೂ ಅಲ್ಲಿಯವರೆಗೆ ಇಲ್ಲ. ಮೊದಲ ಎರಡು ಸಾಲು ನಾಮಪದದಲ್ಲೇ ಮುಗಿಯುತ್ತವೆ, ಚಲನೆ ಕೊನೆಯ ಸಾಲಿಗೆ ಮಾತ್ರ.

ಆ ಒಂಟಿ ‘ಇನ್ನೂ’ವನ್ನು ಎರಡು ಬಗೆಯಲ್ಲಿ ಗಟ್ಟಿಯಾಗಿ ಓದಿ. ಒಮ್ಮೆ ಬೆರಗಿನಿಂದ: ಇಷ್ಟು ದಿನವಾದರೂ ಇನ್ನೂ ಬರುತ್ತಿದೆಯಲ್ಲ! ಇನ್ನೊಮ್ಮೆ ಕಾಯುವವರ ದನಿಯಲ್ಲಿ: ಇನ್ನೂ ದಾರಿಯಲ್ಲೇ ಇದೆ, ಬಂದು ಮುಟ್ಟಿಲ್ಲ. ಕವಿತೆ ಎರಡನ್ನೂ ತಾಳಿಕೊಳ್ಳುತ್ತದೆ. ಒಂದನ್ನು ಆರಿಸಿ ಇನ್ನೊಂದನ್ನು ತಳ್ಳುವ ಅಗತ್ಯವಿಲ್ಲ. ಆಟಿ ಏನೆಂದು ನೆನೆದರೆ ಇದು ಇನ್ನಷ್ಟು ಬಿಗಿಯಾಗುತ್ತದೆ. ಕೆಲಸವಿಲ್ಲದ, ಕಣಜ ಬರಿದಾದ, ಪಾಲೆ ಮರದ ತೊಗಟೆಯ ಕಷಾಯ ಕುಡಿದು, ಮನೆಮನೆಗೆ ಬರುವ ವೇಷ ಆಟಿಕಳಂಜನಿಗೆ ಅಕ್ಕಿ ಕೊಟ್ಟು ಮಾರಿ ಕಳೆಯಲಿ ಎಂದ ತಿಂಗಳದು. ಆಗ ಸಾಕು ಸಾಕೆನಿಸಿದ ಮಳೆಗೆ ಈಗ ದಂಬೆಯ ತುದಿಯಲ್ಲಿ ಕಾಯುತ್ತಿದ್ದೇವೆ. ನಮ್ಮ ಮಟ್ಟಿಗೆ ಈ ಕವಿತೆಯ ಆಳ ಇದು.

ಈಗ ಜೀವಾತ್ಮದ ವಿಚಾರ. ಒಂದು ಅರ್ಥ ನಿಲ್ಲುತ್ತದೋ ಇಲ್ಲವೋ ನೋಡಲು ನಾವು ಇಟ್ಟುಕೊಂಡ ಅಳತೆ ಇಷ್ಟೇ: ಅದಕ್ಕೆ ಕವಿತೆಯ ಕನಿಷ್ಠ ಇನ್ನೆರಡು ಪದ ಸಾಕ್ಷಿ ಹೇಳಬೇಕು. ಹನಿ ಜೀವಾತ್ಮವಾದರೆ ಆಟಿ ಯಾಕೆ? ಮುಳಿ ಯಾಕೆ? ಸಾಕ್ಷಿ ಇಲ್ಲ. ಮೇಲಾಗಿ ಆ ಅರ್ಥ ಹನಿ ಇರುವ ಯಾವ ಕವಿತೆಗೂ ಹೊಂದುತ್ತದೆ. ಎಲ್ಲ ಬೀಗಕ್ಕೂ ಆಗುವ ಕೀಲಿಕೈ ನಿಮ್ಮ ಸ್ನೇಹಿತರ ಕೈಯಲ್ಲಿ ಇದ್ದದ್ದು.

ಇದಕ್ಕಿಂತ ಜಾಣ ತಪ್ಪುಗಳೂ ಇವೆ. ಮೊದಲ ಸಾಲಿನಲ್ಲಿ ಮುಳಿ ಮತ್ತು ಹಂಚು ಪಕ್ಕಪಕ್ಕ ಕೂತಿವೆ. ಇಲ್ಲಿನ ಮಾಡುಗಳಿಗೆ ಹಿಂದೆ ಮುಳಿಹುಲ್ಲು ಹೊದೆಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮೆಲ್ಲನೆ ಹಂಚು ಬಂತು. ಹಾಗಾದರೆ ಇದು ಹಳೆಯ ಬದುಕು ಅಳಿದ ಕತೆಯೇ? ಆಸೆಯಾಗುತ್ತದೆ. ಆದರೆ ಮುಂದಿನ ನಾಲ್ಕು ಸಾಲಿನಲ್ಲಿ ಮನೆಯೂ ಇಲ್ಲ, ಮಾಡೂ ಇಲ್ಲ. ದಂಬೆಯೊಂದನ್ನು ಎಳೆದು ತರಬಹುದು, ಅಷ್ಟಕ್ಕೆ ಸಾಲದು. ನಾವು ಬಿಟ್ಟೆವು.

ಇನ್ನೊಂದನ್ನು ಬಿಡಲಾಗಲಿಲ್ಲ. ಆಟಿಯ ಮೊದಲ ದಿನದಿಂದ ಬೆರಳು ಮಡಚಿ: ಆಟಿ, ಸೋಣ, ನಿರ್ನಾಲ, ಬೊಂತೆಲ್, ಜಾರ್ದೆ, ಪೆರಾರ್ದೆ, ಪುಯಿಂತೆಲ್, ಮಾಯಿ, ಸುಗ್ಗಿ. ಪಗ್ಗು ಹುಟ್ಟುವಾಗ ಸರಿಯಾಗಿ ಒಂಬತ್ತು ತಿಂಗಳು ತುಂಬುತ್ತದೆ. ಗುಡ್ಡದ ಒಡಲು, ಕತ್ತಲು, ಒಂಬತ್ತು ತಿಂಗಳು. ಅಡ್ಡ ಬರುವುದು ‘ನಡೆದು’ ಒಂದೇ, ಹುಟ್ಟಿದ ದಿನವೇ ಯಾವ ಮಗುವೂ ನಡೆದುಬರುವುದಿಲ್ಲ. ಒಡಲೂ ಕತ್ತಲೂ ಕವಿತೆಯ ಪದಗಳಲ್ಲ, ನಾವು ತಂದು ಹಾಕಿದ್ದು. ಪರವಾಗಿ ಇರುವುದು ತಿಂಗಳ ಲೆಕ್ಕ ಮಾತ್ರ. ನಿಮ್ಮ ಕೂಟ ತೀರ್ಮಾನಿಸಲಿ.

ಕೂಟದಲ್ಲಿ ಮುಂದಿನ ಸಲ ಒಂದು ಕೆಲಸ ಮಾಡಿ. ಮೊದಲ ಹದಿನೈದು ನಿಮಿಷ ‘ಸಂಕೇತ’, ‘ಪ್ರತೀಕ’ ಎಂಬ ಪದಗಳನ್ನು ಯಾರೂ ಬಾಯಿಗೆ ತರಬಾರದು. ವಸ್ತು, ತಿಂಗಳು, ವಿಭಕ್ತಿ, ಕ್ರಿಯಾಪದ ಇವಿಷ್ಟೇ ಮಾತಾಡಿ. ತೋಟ ಇರುವವರನ್ನು ಮೊದಲು ಮಾತಾಡಿಸಿ, ಸಾಹಿತ್ಯ ಓದಿದವರು ಆಮೇಲೆ ಆಗಬಹುದು.

ಅಚ್ಚಿನ ತಪ್ಪು ಇದೆಯೇ ಎಂದು ಕೇಳಿದಿರಿ. ಇದೆ, ಆದರೆ ನೀವು ತೋರಿಸಿದ ಕಡೆ ಅಲ್ಲ. ಎರಡನೇ ಸಾಲಿನ ಕೊನೆಗೆ ಕವಿ ಬರೆದದ್ದು ಪೂರ್ಣವಿರಾಮ, ಕಳೆದ ಸಂಚಿಕೆಯಲ್ಲಿ ಅಲ್ಪವಿರಾಮ ಬಿದ್ದಿದೆ. ಅಲ್ಪವಿರಾಮವಾದರೆ ಹನಿ ಎಂದರೆ ಆಟಿಯ ಮಳೆ ಎಂದು ಕವಿತೆಯೇ ಬಿಡಿಸಿ ಹೇಳಿದ ಹಾಗಾಗುತ್ತದೆ, ಓದುವವರಿಗೆ ಕೂಡಿಸಲು ಏನೂ ಉಳಿಯುವುದಿಲ್ಲ. ಮೇಲೆ ಸರಿಪಡಿಸಿ ಕೊಟ್ಟಿದ್ದೇವೆ. ಕರಡು ನೋಡುವಾಗ ತಪ್ಪಿದ್ದು ನಮ್ಮಿಂದ. ನಿಮ್ಮ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಕೊಳ್ಳಿ.

— ಸಂ.