ಉಕ್ತಲೇಖನದಲ್ಲಿ ಬಿಟ್ಟುಹೋದ ಪದಗಳು

ಪ್ರಶ್ನೆ: ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿ ನಾನು. ಕಳೆದ ವಾರ ಪ್ರಾರ್ಥನೆಯ ವೇಳೆ ವಿದ್ಯಾರ್ಥಿನಿಯೊಬ್ಬಳಿಗೆ ಫಿಟ್ಸ್ ಬಂತು. ಒಬ್ಬರು ಅವಳ ಕೈಗೆ ಕೀಲಿಗೊಂಚಲು ತುರುಕಿದರು, ಇನ್ನೊಬ್ಬರು ಹಲ್ಲುಗಳ ನಡುವೆ ಚಮಚ ಇಡಲು ಹೋದರು. ಗುಣವಾಗುವವರೆಗೆ ಅವಳು ಶಾಲೆಗೆ ಬರುವುದು ಬೇಡ ಎನ್ನುತ್ತಿದ್ದಾರೆ ಕೆಲವು ಪಾಲಕರು. ಈಚೆಗೆ ಅವಳು ಉಕ್ತಲೇಖನದಲ್ಲಿ ನಡುನಡುವೆ ಪದಗಳನ್ನು ಬಿಡುತ್ತಾಳೆ, ಗಮನವಿಲ್ಲವೆಂದು ಗದರಿಸಿದ್ದೇನೆ. ನಾನೇನು ಮಾಡಬೇಕು?
– ಶಿಕ್ಷಕಿ, ಮುಂಬೈ

ಉತ್ತರ: ನಿಮ್ಮ ಪತ್ರದ ಕೊನೆಯ ಮಾತೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಪ್ರಾರ್ಥನೆಯಲ್ಲಿ ಅವಳು ಬಿದ್ದದ್ದನ್ನು ಶಾಲೆಯೆಲ್ಲ ನೋಡಿತು. ಬಿಟ್ಟುಹೋದ ಪದಗಳನ್ನು ಕಂಡವರು ನೀವೊಬ್ಬರೇ. ಫಿಟ್ಸ್ ಬರುವ ಕಾಯಿಲೆಯಾದ ಅಪಸ್ಮಾರದಲ್ಲಿ ಕೈಕಾಲು ಸೆಟೆಯದೆ, ಮಗು ಬೀಳದೆ, ಸುಮಾರು 10 ಸೆಕೆಂಡು ಶೂನ್ಯದತ್ತ ನೋಡುತ್ತ ಸ್ತಬ್ಧವಾಗಿಬಿಡುವ ಬಗೆಯೂ ಇದೆ. ಆಬ್ಸೆನ್ಸ್ ಸೀಜರ್ ಎನ್ನುವ ಇದು ದಿನಕ್ಕೆ ಹತ್ತಾರು ಸಲ ಬರಬಹುದು. ಆ ಹೊತ್ತಿನಲ್ಲಿ ನೀವು ಓದಿದ ಪದ ಮಗುವನ್ನು ತಲುಪಿರುವುದೇ ಇಲ್ಲ. ಮುಂದಿನ ಉಕ್ತಲೇಖನದಲ್ಲಿ ಅವಳ ಪೆನ್ಸಿಲನ್ನು ಗಮನಿಸಿ: ಅಕ್ಷರದ ನಡುವೆಯೇ ನಿಂತಿತೇ, ಗೆರೆ ಕೆಳಕ್ಕೆ ಜಾರಿತೇ, ಎವೆ ಅದುರಿತೇ, ಹೆಸರು ಹಿಡಿದು ಕರೆದರೆ ಓಗೊಟ್ಟಳೇ? ಕಂಡದ್ದನ್ನು ದಿನಾಂಕ, ಸಮಯದೊಂದಿಗೆ ಬರೆದು ತಾಯಿಯ ಕೈಗೆ ಕೊಡಿ. ಪರೇಲಿನ ಕೆಇಎಂ ಆಸ್ಪತ್ರೆಯಂಥ ಕಡೆ ನರರೋಗ ತಜ್ಞರಿಗೆ ಆ ಟಿಪ್ಪಣಿ ಬಹಳ ನೆರವಾಗುತ್ತದೆ. ಅವಳು ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದರ ಮಂಪರಿನಿಂದಲೂ ಪದಗಳು ತಪ್ಪಬಹುದು. ಅದನ್ನು ವೈದ್ಯರೇ ನಿರ್ಧರಿಸಲಿ.

ಕೀಲಿಯಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ಸಾಮಾನ್ಯವಾಗಿ ಎರಡು-ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆಗ ಕೈಯಲ್ಲಿದ್ದ ಕೀಲಿಗೆ ಹೆಸರು ಬರುತ್ತದೆ, ಅಷ್ಟೆ. ಚಮಚವಂತೂ ಅಪಾಯಕಾರಿ, ಹಲ್ಲು ಮುರಿದು ಉಸಿರಿನ ದಾರಿಗೆ ಹೋಗಬಹುದು. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಕೊರಳಪಟ್ಟಿ ಸಡಿಲಿಸಿ, ಮಗ್ಗುಲಿಗೆ ಹೊರಳಿಸಿ. ಅದುಮಿ ಹಿಡಿಯಬೇಡಿ. ಗಡಿಯಾರ ನೋಡುತ್ತಿರಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, 108ಕ್ಕೆ ಕರೆ ಮಾಡಿ. ಪೂರ್ತಿ ಎಚ್ಚರವಾಗುವ ತನಕ ನೀರನ್ನೂ ಕೊಡಕೂಡದು.

ಅಪಸ್ಮಾರ ಅಂಟುರೋಗವಲ್ಲವೆಂದು ಆ ಪಾಲಕರಿಗೆ ಮೊದಲು ಸಮಾಧಾನದಿಂದ ತಿಳಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂಬುದು ಮುಖ್ಯೋಪಾಧ್ಯಾಯರ ನೆನಪಿನಲ್ಲಿರಲಿ.

ಗದರಿಸಿದ್ದಕ್ಕೆ ನೀವು ಕೊರಗುತ್ತ ಕೂರಬೇಕಿಲ್ಲ. ಅವಳನ್ನು ಪಕ್ಕಕ್ಕೆ ಕರೆದು, ತಪ್ಪು ಅವಳದಾಗಿರಲಿಕ್ಕಿಲ್ಲ ಎಂದು ಹೇಳಿ. ಬಿಟ್ಟುಹೋದ ಪದಗಳನ್ನು ಅವಳಿಗಾಗಿ ಇನ್ನೊಮ್ಮೆ ಓದಿ.