ಕೇಳಿ, ಹೇಳುತ್ತೇವೆ: ವಿಮಾನದ ನಂಬ್ರ ಹಾರಿದ್ದೆಲ್ಲಿ?

ಪ್ರಶ್ನೆ: ಅಮೆರಿಕದ ಯುದ್ಧವಿಮಾನಗಳಲ್ಲಿ ಎಫ್-18 ಉಂಟು, ಎಫ್-20 ಉಂಟು, ಎಫ್-19 ಮಾತ್ರ ಇಲ್ಲ. ಎಫ್-23 ಆದ ಮೇಲೆ ಸೀದಾ ಎಫ್-35. ನಡುವಿನವೆಲ್ಲ ಗುಟ್ಟಿನ ವಿಮಾನಗಳೇ? *ಓದುಗರೊಬ್ಬರು, ಸುರತ್ಕಲ್*

ಉತ್ತರ: ಹೆಚ್ಚಿನವು ಗುಟ್ಟಿನವಲ್ಲ. ಒಂದೊಂದು ಖಾಲಿ ಜಾಗಕ್ಕೂ ಒಂದೊಂದು ಕಾರಣ.

ಮೊದಲು ಎಣಿಕೆ ಎಲ್ಲಿಂದ ಶುರುವಾಯಿತು ಎಂದು ನೋಡಬೇಕು. 1962ರ ಸೆಪ್ಟೆಂಬರ್‌ವರೆಗೆ ಅಲ್ಲಿನ ನೌಕಾಪಡೆ ಮತ್ತು ವಾಯುಪಡೆಯ ಪಟ್ಟಿಗಳು ಬೇರೆ ಬೇರೆ. ಒಂದೇ ಫ್ಯಾಂಟಮ್ ವಿಮಾನ ನೌಕಾಪಡೆಯಲ್ಲಿ ಎಫ್4ಎಚ್, ವಾಯುಪಡೆಯಲ್ಲಿ ಎಫ್-110. ಆ ತಿಂಗಳು ಎಲ್ಲರಿಗೂ ಒಂದೇ ಪಟ್ಟಿ ಮಾಡಿ, ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸಿದರು. ಫ್ಯಾಂಟಮ್ ಎಫ್-4 ಆಯಿತು. 13 ಅಪಶಕುನವೆಂದು ಬಿಟ್ಟರು. ವೈಎಫ್-12ರ ನಂತರ ಬಂದದ್ದು ಎಫ್-14.

19ರ ಕಥೆ ವ್ಯಾಪಾರದ್ದು. ನಾರ್ತ್‌ರಾಪ್ ಕಂಪನಿ ತನ್ನ ಎಫ್-5ಜಿ ವಿಮಾನವನ್ನು ಹೊರದೇಶಗಳಿಗೆ ಮಾರಲು ಹೊರಟಾಗ ಹೊಸ ನಂಬ್ರ ಬೇಡಿತು, ಅದೂ 20 ಬೇಕೆಂದಿತು. ಸೋವಿಯತ್ ಮಿಗ್‌ಗಳು ಬೆಸಸಂಖ್ಯೆಯವು, ತನ್ನದು ಬೇರೆಯಾಗಿ ಕಾಣಲಿ ಎಂಬುದು ಸಾಮಾನ್ಯವಾಗಿ ಹೇಳುವ ಕಾರಣ. 1982ರಲ್ಲಿ ಎಫ್-20 ಸಿಕ್ಕಿತು, ವಿಮಾನ ಮಾತ್ರ ಒಂದೂ ಮಾರಾಟವಾಗಲಿಲ್ಲ. ಖಾಲಿ ಬಿದ್ದ 19ನ್ನು ಜನ ರಾಡಾರಿಗೆ ಸಿಗದ ರಹಸ್ಯ ವಿಮಾನಕ್ಕೆ ಅಂಟಿಸಿದರು. 1986ರಲ್ಲಿ ಟೆಸ್ಟರ್ಸ್ ಕಂಪನಿ 'ಎಫ್-19' ಎಂಬ ಆಟಿಕೆ ಮಾದರಿಯನ್ನೇ ಮಾರಿತು. ನಿಜವಾದ ವಿಮಾನ 1988ರ ನವೆಂಬರಿನಲ್ಲಿ ಬೆಳಕಿಗೆ ಬಂದಾಗ ಅದರ ನಂಬ್ರ ಎಫ್-117.

ಗುಟ್ಟು ಇದ್ದದ್ದು ಈ ನೂರರ ಮೇಲಿನ ಸಂಖ್ಯೆಗಳಲ್ಲಿ. ಹೇಗೋ ಕೈಗೆ ಸಿಕ್ಕ ಸೋವಿಯತ್ ವಿಮಾನಗಳನ್ನು ಅಮೆರಿಕನ್ನರು ನೆವಾಡಾದಲ್ಲಿ ಕದ್ದುಮುಚ್ಚಿ ಹಾರಿಸುತ್ತಿದ್ದರು. ಲಾಗ್‌ಬುಕ್ಕಿನಲ್ಲಿ 'ಮಿಗ್' ಎಂದು ಬರೆಯುವಂತಿಲ್ಲವಲ್ಲ! ಮಿಗ್-21ಕ್ಕೆ ವೈಎಫ್-110 ಎಂದರು, ಅಂದರೆ ಫ್ಯಾಂಟಮ್ ಬಿಟ್ಟುಹೋದ ನಂಬ್ರವನ್ನೇ ಕೊಟ್ಟರು. ಮಿಗ್-23 ವೈಎಫ್-113 ಆಯಿತು. ಇದು ಅಧಿಕೃತವಾಗಿ ಬಹಿರಂಗವಾದದ್ದು 2006ರಲ್ಲಿ.

24ರಿಂದ 34ರವರೆಗಿನ ಅಂತರ ಶುದ್ಧ ಎಡವಟ್ಟು. ಎಕ್ಸ್-35 ಪ್ರಯೋಗದ ವಿಮಾನ, ಎಕ್ಸ್ ಪಟ್ಟಿಯ ಎಣಿಕೆಯೇ ಬೇರೆ. 2001ರ ಅಕ್ಟೋಬರ್ 26ರಂದು ಅದು ಸ್ಪರ್ಧೆ ಗೆದ್ದಾಗ ನಿಯಮದಂತೆ ಎಫ್-24 ಆಗಬೇಕಿತ್ತು. ತಯಾರಕರೂ ಅದನ್ನೇ ಎಣಿಸಿದ್ದರು. ಅಂದು ಎಫ್-35 ಎಂದು ಘೋಷಣೆಯಾಯಿತು, ಹಾಗೆಯೇ ಉಳಿಯಿತು. 2025ರ ಮಾರ್ಚಿನಲ್ಲಿ ಘೋಷಣೆಯಾದ ಎಫ್-47ಕ್ಕಂತೂ ಸರದಿಯ ಹಂಗೇ ಇಲ್ಲ: ಹಳೆಯ ಪಿ-47ರ ನೆನಪು, ವಾಯುಪಡೆ ಹುಟ್ಟಿದ 1947, ಜೊತೆಗೆ 47ನೇ ಅಧ್ಯಕ್ಷರು. ಅಂತಹ ಪಟ್ಟಿಯಿಂದ ಮುಂದಿನ ವಿಮಾನವನ್ನು ಊಹಿಸಲು ಹೋಗಬೇಡಿ.

2019ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಲಾಕ್‌ಹೀಡ್ ನಮಗೆಂದು ತೋರಿಸಿದ 'ಎಫ್-21' ಇನ್ನೊಂದು ಗೊಂದಲ. ಅದು ಎಫ್-16ಕ್ಕೆ ಕಂಪನಿ ಇಟ್ಟ ಮಾರಾಟದ ಹೆಸರು. ಅಮೆರಿಕದ ಪಟ್ಟಿಯ ಎಫ್-21 ಯಾವುದೆಂದರೆ, 1980ರ ದಶಕದಲ್ಲಿ ಅಣಕು ಕಾಳಗದ ತರಬೇತಿಗೆ ಬಾಡಿಗೆಗೆ ತಂದ ಇಸ್ರೇಲಿನ ಕ್ಫಿರ್.

ಪ್ರಶ್ನೆ: ಸಿ-130ಎಚ್ ಆದ ಮೇಲೆ ಸಿ-130ಜೆ ಬಂತು. 'ಐ' ಎಲ್ಲಿ ಹೋಯಿತು? ಹಾಗಾದರೆ ನಮ್ಮ ನೌಕಾಪಡೆಯ ಪಿ-8ಐ ಹೇಗೆ? *ವಿದ್ಯಾರ್ಥಿನಿ, ಮಣಿಪಾಲ*

ಉತ್ತರ: ಇಂಗ್ಲಿಷಿನ ಐ ಒಂದರಂತೆ, ಓ ಸೊನ್ನೆಯಂತೆ ಕಾಣುತ್ತವೆ. ಬಿಡಿಭಾಗದ ಚೀಟಿಯಲ್ಲಿ ತಪ್ಪು ಓದಿದರೆ ತಪ್ಪು ಭಾಗ ಬರುತ್ತದೆ. ಅದಕ್ಕೇ ಆವೃತ್ತಿಗಳಿಗೆ ಈ ಎರಡು ಅಕ್ಷರ ಬಳಸುವುದಿಲ್ಲ. ಪಿ-8ಐಯಲ್ಲಿರುವುದು ಸರದಿಯ ಅಕ್ಷರವಲ್ಲ, ಇಂಡಿಯಾದ ಐ. ಇಸ್ರೇಲಿನ ಎಫ್-16ಐ ಕೂಡ ಹೀಗೆಯೇ.

ಇಂಥ ಹೆಸರು ಓದುವಾಗ ಅಡ್ಡಗೆರೆಯಿಂದ ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ ಬನ್ನಿ. ನಮ್ಮ ನೌಕಾಪಡೆಯ ಎಂಎಚ್-60ಆರ್ ತೆಗೆದುಕೊಳ್ಳಿ. ಗೆರೆಗೆ ತಾಗಿದ ಎಚ್ ಎಂದರೆ ಹೆಲಿಕಾಪ್ಟರ್, ಅದರ ಎಡದ ಎಂ ಎಂದರೆ ಹಲವು ಕೆಲಸದ್ದು. ಬಲಕ್ಕೆ 60 ವಿನ್ಯಾಸದ ಸಂಖ್ಯೆ, ಆರ್ ಆವೃತ್ತಿ. ಸಂಖ್ಯೆ ದೊಡ್ಡದಾದರೆ ವಿಮಾನ ಹೊಸದೆಂದು ತಿಳಿಯಬಾರದು. ಸಿ-130 ಮೊದಲು ಹಾರಿದ್ದು 1954ರಲ್ಲಿ, ಸಿ-17 ಹಾರಿದ್ದು 1991ರಲ್ಲಿ. ಮೊದಲಿನದು 1962ಕ್ಕೂ ಹಿಂದಿನ ಪಟ್ಟಿಯದ್ದು.

ಪ್ರಶ್ನೆ: 1951ರ ಕ್ರಿಸ್‌ಮಸ್ ದಿನ ನೆಹರೂ ಬಜ್ಪೆಯಲ್ಲಿ ಇಳಿದ ವಿಮಾನವನ್ನು ಕೆಲವರು ಡಿಸಿ-3 ಎನ್ನುತ್ತಾರೆ, ಕೆಲವರು ಡಕೋಟ ಎನ್ನುತ್ತಾರೆ. ಯಾವುದು ಸರಿ? *ಓದುಗರು, ಬಜ್ಪೆ*

ಉತ್ತರ: ಎರಡೂ ಸರಿ. ಡಗ್ಲಸ್ ಕಂಪನಿಯ ನಾಗರಿಕ ಹೆಸರು ಡಿಸಿ-3. ಅದೇ ವಿನ್ಯಾಸ ಅಮೆರಿಕದ ಸೇನೆಯಲ್ಲಿ ಸಿ-47, ಅವರ ನೌಕಾಪಡೆಯಲ್ಲಿ ಆರ್4ಡಿ: ಸಾಗಣೆಗೆ ಆರ್, ಡಗ್ಲಸ್‌ಗೆ ಡಿ, ಆ ಕಂಪನಿಯ ನಾಲ್ಕನೆಯದು ಎಂಬುದಕ್ಕೆ 4. ಡಕೋಟ ಬ್ರಿಟಿಷರಿಟ್ಟ ಹೆಸರು, ನಮ್ಮಲ್ಲಿ ಅದೇ ನಿಂತಿತು.

ಪ್ರಶ್ನೆ: ನಮ್ಮ ಹಂಟರ್ ಮಾರ್ಕ್ 56 ಅಂತೆ. ಬ್ರಿಟಿಷರು 55 ಬಗೆಯ ಹಂಟರ್ ಕಟ್ಟಿದ್ದರೇ? *ನಿವೃತ್ತರು, ಕುಂದಾಪುರ*

ಉತ್ತರ: ಇಲ್ಲ. ಹೊರದೇಶಕ್ಕೆ ಮಾರುವಾಗ ತಮ್ಮ ಮಾರ್ಕಿಗೆ 50 ಸೇರಿಸುವುದು ಅವರ ರೂಢಿ. ಹಂಟರ್ 6 ನಮಗೆ 56, ಕ್ಯಾನ್ಬೆರಾ 8 ನಮಗೆ 58, ಸೀ ಹ್ಯಾರಿಯರ್ 1 ನಮಗೆ 51. ಆದರೆ ಈ ಲೆಕ್ಕವನ್ನು ವ್ಯಾಂಪೈರ್ ಮೇಲೆ ಹಾಕಿದರೆ ಕೆಡುತ್ತದೆ: ನಮ್ಮ ಮಾರ್ಕ್ 52 ಬಂದದ್ದು ಅವರ 6ರಿಂದ, ತರಬೇತಿಯ 55 ಬಂದದ್ದು 11ರಿಂದ.

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಟುಪೊಲೆವ್-142 ನೋಡಿ ಬಂದೆವು. ಚಿತ್ರದ ಟುಪೊಲೆವ್-95ರ ಹಾಗೆಯೇ ಇದೆ ಮಾರಾಯ್ರೆ. ನಂಬ್ರ ಯಾಕೆ ಇಷ್ಟು ದೂರ? ರಷ್ಯದವರಿಗೆ ಕ್ರಮ ಉಂಟೋ ಇಲ್ಲವೋ? *ಓದುಗರು, ಉಡುಪಿ*

ಉತ್ತರ: ನಿಮ್ಮ ಕಣ್ಣು ಸರಿ. 95ರಿಂದಲೇ ಬೆಳೆದು, ಜಲಾಂತರ್ಗಾಮಿ ಬೇಟೆಗೆ ಬೇರೆಯಾದದ್ದು 142. ಅದು ಟುಪೊಲೆವ್ ಕಚೇರಿಯ ಸ್ವಂತ ಸರಣಿಯ ಸಂಖ್ಯೆ. ಅಕ್ಕಪಕ್ಕದ 141, 143 ಎರಡೂ ಪೈಲಟ್ ಇಲ್ಲದ ವಿಮಾನಗಳು. ಇದಕ್ಕೆ ತಿರುಗುಮುರುಗಾದದ್ದು ಟುಪೊಲೆವ್-22ಎಂ: ಹಳೆಯ 22ಕ್ಕೂ ಅದಕ್ಕೂ ಹೋಲಿಕೆ ಅತ್ಯಲ್ಪ, ಆದರೂ ಹಳೆಯದರ ಸುಧಾರಣೆ ಎಂಬಂತೆ ಅದೇ ನಂಬ್ರ ಹೊತ್ತಿತು.

ಕಾಳಗದ ವಿಮಾನಕ್ಕೆ ಬೆಸಸಂಖ್ಯೆ ಎಂಬ ರೂಢಿ ಮಿಗ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ: 15, 17, 19, 21, 23, 25, 29. ನಮ್ಮ ಸುಖೋಯ್-30 ಅದನ್ನು ಮುರಿದದ್ದು. ಮೂಲದಲ್ಲಿ ಅದು ಸುಖೋಯ್-27ರ ಎರಡು ಸೀಟಿನ ಆವೃತ್ತಿ; 30 ಆಮೇಲೆ ಕೊಟ್ಟದ್ದು.

ನಮ್ಮ ವಾಯುಪಡೆಯ ಮಿಗ್-21 ಕಡತಗಳಲ್ಲಿ ಇನ್ನೊಂದು ಸಾಲು ಸಿಗುತ್ತದೆ: ಟೈಪ್ 74, 77, 96, ಕೊನೆಗೆ 75. ಇವು ತಯಾರಕರ ಒಳಸಂಖ್ಯೆಗಳು, ವಯಸ್ಸಿನ ಕ್ರಮದಲ್ಲಿಲ್ಲ. ಎಫ್‌ಎಲ್ ಮಾದರಿ 77, ಅದರ ಎಂಜಿನ್ ಆರ್-11. ಎಲ್ಲಕ್ಕಿಂತ ಈಚಿನ ಬಿಸ್ 75, ಎಂಜಿನ್ ಆರ್-25. ಹಳೆಯ ಫೋಟೊದಲ್ಲಿ ಅಕ್ಷರ ಮಾಸಿದ್ದರೆ ಕಾಕ್‌ಪಿಟ್ ಹಿಂದಿನ ಬೆನ್ನು ನೋಡಿ: ತೆಳ್ಳಗಿದ್ದರೆ 77, ಉಬ್ಬಿ ಬಾಲದವರೆಗೂ ದಪ್ಪಗೆ ಸಾಗಿದ್ದರೆ 75.