ಕೇಳಿ, ಹೇಳ್ತೀನಿ: ಕೊನೇ ಸೆಮಿಸ್ಟರ್, ಮೊದಲ ಕೆಲಸ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಬಿಎ ಕೊನೇ ಸೆಮಿಸ್ಟರ್‌ನವರದ್ದು. ಒಬ್ಬ ತಂದೆಯ ಪತ್ರವೂ ಇದೆ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಅಕ್ಕ, ನಾನು ಮೈಸೂರಿನಲ್ಲಿ ಎಂಬಿಎ ಕೊನೇ ಸೆಮಿಸ್ಟರ್‌ನಲ್ಲಿದ್ದೇನೆ. ಕ್ಯಾಂಪಸ್‌ಗೆ ಬಂದವರೆಲ್ಲ ಇನ್ಶೂರೆನ್ಸ್, ಲೋನ್ ಮಾರೋ ಕಂಪನಿಗಳೇ. ಒಂದರಲ್ಲಿ ಸೆಲೆಕ್ಟ್ ಆಗಿದ್ದೇನೆ, ಪ್ಯಾಕೇಜ್ 4.2 ಲಕ್ಷ ಅಂದಿದ್ದಾರೆ. ಆನ್‌ಲೈನ್‌ನಲ್ಲಿ ದಿನಾ ಅರ್ಜಿ ಹಾಕ್ತೀನಿ, ಒಂದಕ್ಕೂ ಉತ್ತರ ಇಲ್ಲ. ಮನೆಯಲ್ಲಿ ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ ಇದೆ. ಅಪ್ಪ "ಬೇಕಾದ್ರೆ ಬಂದು ತೋಟ ನೋಡ್ಕೋ, ಆದ್ರೆ ಅದಕ್ಕೆ ಎಂಬಿಎ ಯಾಕೆ ಬೇಕಿತ್ತು" ಅಂತಾರೆ. ಸಿವಿಯಲ್ಲಿ ಬರೆಯೋಕೆ ಅನುಭವ ಅಂತ ಏನೂ ಇಲ್ಲ. ಏನು ಮಾಡಲಿ?
ಸುಂಟಿಕೊಪ್ಪದ ಓದುಗ

ಮೊದಲು ಕೈಯಲ್ಲಿರೋ ಆಫರ್ ವಿಷಯ. 4.2 ಲಕ್ಷ ಅಂದ್ರೆ ತಿಂಗಳಿಗೆ 35 ಸಾವಿರ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದೀರಾ? ಹೇಳಿದ್ದರೆ ಈಗಲೇ ತಿದ್ದಿ. ಅದು ಸಿಟಿಸಿ, ಅಂದ್ರೆ ನಿಮಗೋಸ್ಕರ ಕಂಪನಿ ಖರ್ಚು ಮಾಡೋ ಒಟ್ಟು ದುಡ್ಡು. ಅದರಲ್ಲಿ ನೂರಕ್ಕೆ ಹತ್ತರಷ್ಟು ವೇರಿಯಬಲ್ ಅಂತಿಟ್ಟರೆ ತಿಂಗಳಿಗೆ 3,500 ರೂಪಾಯಿ ಪಕ್ಕಕ್ಕೆ ಹೋಯ್ತು, ಅದು ಟಾರ್ಗೆಟ್ ಮುಟ್ಟಿದರೆ ಮಾತ್ರ. ಪಿಎಫ್‌ಗೆ ಕಂಪನಿಯ ಪಾಲು 1,800, ನಿಮ್ಮ ಪಾಲು 1,800, ಎರಡೂ ಇದೇ 35 ಸಾವಿರದ ಒಳಗೇ ಬರುತ್ತೆ. ಬೇಸಿಕ್ 17,500 ಇದ್ದರೆ ಗ್ರಾಚುಯಿಟಿ ಅಂತ 840 ಚಿಲ್ಲರೆ ತೋರಿಸ್ತಾರೆ, ಅದು ತಿಂಗಳ ಸಂಬಳದಲ್ಲಿ ಕಾಣೋದಿಲ್ಲ. ವೃತ್ತಿ ತೆರಿಗೆ 200. ಕೊನೆಗೆ ಬ್ಯಾಂಕಿಗೆ ಬೀಳೋದು 27 ಸಾವಿರದ ಆಸುಪಾಸು. ಇದು ಮೋಸ ಅಲ್ಲ, ಎಲ್ಲ ಕಡೆ ಹೀಗೇ. ಆದರೆ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಲೆಕ್ಕ ಹಾಕುವಾಗ ಈ 27 ಇಟ್ಟುಕೊಂಡು ಹಾಕಿ, 35 ಅಲ್ಲ.

ಆಮೇಲೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ. ಆನ್‌ರೋಲ್ ಕೆಲಸವಾ, ಇಲ್ಲ ಬೇರೆ ಏಜೆನ್ಸಿಯ ಪೇರೋಲ್‌ನಲ್ಲಿ ಹಾಕ್ತಾರಾ? ವೇರಿಯಬಲ್ ಎಷ್ಟು, ಟಾರ್ಗೆಟ್ ಮುಟ್ಟದಿದ್ದರೆ ಫಿಕ್ಸೆಡ್ ಸಂಬಳಕ್ಕೂ ಕತ್ತರಿ ಬೀಳುತ್ತಾ? ಓಡಾಟದ ಪೆಟ್ರೋಲ್ ಖರ್ಚು ಯಾರದ್ದು? ಆನ್‌ರೋಲ್ ಇದೆ, ಫಿಕ್ಸೆಡ್ ಗಟ್ಟಿ ಇದೆ ಅಂತಾದ್ರೆ ಆಫರ್ ಒಪ್ಪಿಕೊಂಡು ಇಟ್ಟುಕೊಳ್ಳಿ. ಎಂಬಿಎ ಮಾಡಿದವರು ಸೇಲ್ಸ್ ಅಂದ ಕೂಡಲೇ ಮೂಗು ಮುರಿಯೋದು ನನಗೆ ಅರ್ಥವಾಗದ ವಿಷಯ. ಪರಿಚಯವೇ ಇಲ್ಲದವರ ಹತ್ತಿರ ಹೋಗಿ ಮಾತಾಡಿ, ಬೇಡ ಅನ್ನಿಸಿಕೊಂಡು, ಮತ್ತೆ ಮರುದಿನ ಹೋಗೋ ಕೆಲಸ ಒಂದು ವರ್ಷ ಮಾಡಿದವರಿಗೆ ಮುಂದಿನ ಇಂಟರ್‌ವ್ಯೂನಲ್ಲಿ ಮಾತು ತಡವರಿಸೋದಿಲ್ಲ. ಏಜೆನ್ಸಿ ಪೇರೋಲ್, ಪೂರ್ತಿ ಟಾರ್ಗೆಟ್ ಮೇಲೇ ಸಂಬಳ ಅಂತಾದ್ರೆ ಬಿಡಿ.

ಇನ್ನು ಉತ್ತರ ಬಾರದ ಅರ್ಜಿಗಳು. ನೌಕ್ರಿಯಲ್ಲಿ ಕಾಣೋ ಬಹುಪಾಲು ಕೆಲಸ ತಕ್ಷಣ ಸೇರೋರಿಗೆ. ನಿಮಗಿನ್ನೂ ಪರೀಕ್ಷೆ, ವೈವಾ ಬಾಕಿ. ಸಿವಿ ನೋಡೋರು ಒಂದೊಂದಕ್ಕೆ ಕೊಡೋ ಸಮಯ ಬಹಳ ಕಮ್ಮಿ, ಇವನು ಯಾವಾಗ ಸೇರ್ತಾನೆ ಅಂತ ಗೊತ್ತಾಗದಿದ್ದರೆ ಮುಂದಿನದಕ್ಕೆ ಹೋಗ್ತಾರೆ. ಹೆಸರಿನ ಕೆಳಗೇ ಬರೆಯಿರಿ: ಪರೀಕ್ಷೆ ಮುಗಿಯೋದು ಇಂಥ ತಿಂಗಳು, ಸೇರೋಕೆ ಸಿದ್ಧ ಇರೋದು ಇಂಥ ತಾರೀಕಿನಿಂದ. ಬ್ಯಾಕ್‌ಲಾಗ್ ಇಲ್ಲದಿದ್ದರೆ ಅದನ್ನೂ ಅಲ್ಲೇ ಹಾಕಿ. ಟ್ರೈನಿ ಹುದ್ದೆಗಳಿಗೆ ಈಗ ಹಾಕಿ, ತಕ್ಷಣ ಸೇರಬೇಕಾದ ಹುದ್ದೆಗಳಿಗೆ ಪರೀಕ್ಷೆ ಹತ್ತಿರ ಬಂದಾಗ ಹಾಕಿ. ಅವಕ್ಕೆ ಈಗಲೇ ಹಾಕೋದು ಸುಮ್ನೆ ಬೆರಳಿಗೆ ಕೆಲಸ.

ಈಗ ಅನುಭವ ಇಲ್ಲ ಅಂತೀರಲ್ಲ, ಅಲ್ಲಿಗೆ ಬರೋಣ. ನಿಮ್ಮ ಮನೆಯ ರೋಬಸ್ಟಾ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಯಾರು ಮಾರೋದು? ಅಪ್ಪನ ಜೊತೆ ನೀವೂ ವ್ಯಾಪಾರಿ ಹತ್ತಿರ ಹೋಗಿರ್ತೀರಿ. ಅವರು ಚೀಲದಿಂದ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ಔಟ್‌ಟರ್ನ್ (ಚೀಲಕ್ಕೆ ಸಿಗೋ ಬೀಜದ ಕೆ.ಜಿ.) ಇಷ್ಟು ಅಂತ ಹೇಳ್ತಾರೆ, ತೇವಾಂಶದ ಮೀಟರ್ ಇಡ್ತಾರೆ. 50 ಕೆ.ಜಿ. ಚೀಲಕ್ಕೆ ಔಟ್‌ಟರ್ನ್ 28 ಬದಲು 27 ಅಂದ್ರೆ ಚೀಲಕ್ಕೆ ಒಂದು ಕೆ.ಜಿ. ಬೀಜದ ದುಡ್ಡು ಹೋಯ್ತು. ಇದು ನಿಮಗೆ ಚಿಕ್ಕಂದಿನಿಂದ ಗೊತ್ತು, ಹಾಗಾಗಿ ಇದೊಂದು ವಿದ್ಯೆ ಅಂತ ನಿಮಗೆ ಅನ್ನಿಸೋದೇ ಇಲ್ಲ. ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಗೊತ್ತು ಕೇಳಿ ನೋಡಿ.

ನಿಮ್ಮ ಕೊನೇ ಸೆಮಿಸ್ಟರ್ ಪ್ರಾಜೆಕ್ಟ್ ಇನ್ನೂ ಶುರುವಾಗಿಲ್ಲದಿದ್ದರೆ ಇದನ್ನೇ ತಗೊಳ್ಳಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗೋ 'ಎ ಸ್ಟಡಿ ಆನ್ ಕಸ್ಟಮರ್ ಸ್ಯಾಟಿಸ್‌ಫ್ಯಾಕ್ಷನ್' ಮಾತ್ರ ಬೇಡ. ಹಳೇ ಪ್ರಾಜೆಕ್ಟಿಗೆ ಹೊಸ ರಟ್ಟು ಹಾಕಿದ್ದು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತೆ. ಬದಲಿಗೆ, ಕುಶಾಲನಗರ, ಸುಂಟಿಕೊಪ್ಪ, ಗೋಣಿಕೊಪ್ಪದ ವ್ಯಾಪಾರಿಗಳು ಒಂದೇ ದಿನ ಒಂದೇ ಮಾಲಿಗೆ ಕೊಡೋ ರೇಟಿನಲ್ಲಿ ಎಷ್ಟು ವ್ಯತ್ಯಾಸ? ಸಣ್ಣ ಬೆಳೆಗಾರ ಕೊಯ್ಲು ಮುಗಿದ ಕೂಡಲೇ ಮಾರೋದು ಕೂಲಿ ಕೊಡೋಕಾ, ಗೋದಾಮು ಇಲ್ಲ ಅಂತಲಾ, ಸಾಲದ ಕಂತಿಗಾ? ನೆಂಟರಿಷ್ಟರು, ಅಕ್ಕಪಕ್ಕದ ತೋಟದವರ ಹತ್ತಿರ ಕೂತು ಕೇಳಿ ಬರೆದುಕೊಂಡರೆ ಯಾವ ಪುಸ್ತಕದಲ್ಲೂ ಇಲ್ಲದ ಅಂಕಿಅಂಶ ನಿಮ್ಮ ಹತ್ತಿರ ಇರುತ್ತೆ. ಇದರ ಒಂದು ಪುಟದ ಸಾರಾಂಶ ಸಿವಿ ಜೊತೆ ಇಡಿ.

ಯಾರಿಗೆ ಕಳಿಸೋದು? ಕಾಫಿ ರಫ್ತು ಮಾಡೋರಿಗೆ, ಕಾಫಿ ಸಂಸ್ಕರಿಸೋ ಕ್ಯೂರಿಂಗ್ ವರ್ಕ್ಸ್‌ಗಳಿಗೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶ, ಹುಣಸೂರು ಎರಡೂ ನಿಮಗೆ ದೂರ ಅಲ್ಲ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತೆ, ಅದರಲ್ಲೂ ಯುರೋಪಿಗೆ ಜಾಸ್ತಿ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾಯ್ದೆ ಮಾಡಿದೆ. ಅದರ ಜಾರಿ ಮುಂದಕ್ಕೆ ಹೋಗ್ತಾ ಬಂದಿದೆ, ಆದರೂ ರಫ್ತುದಾರರು ತಯಾರಿ ಬಿಡುವಂತಿಲ್ಲ. ಯಾವ ಮಾಲು ಯಾವ ತೋಟದ್ದು ಅಂತ ನಕ್ಷೆ ಸಮೇತ ದಾಖಲೆ ಬೇಕು. ಆ ಕೆಲಸಕ್ಕೆ ಕಂಪ್ಯೂಟರ್ ಗೊತ್ತಿರೋರು ಸಿಗ್ತಾರೆ, ಜಮ್ಮಾ ಜಾಗ (ಕೊಡಗಿನ ಹಳೇ ಹಿಡುವಳಿ), ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರು, ಭಾಗ ಆಗದ ಕೂಡುಕುಟುಂಬದ ತೋಟ ಇವೆಲ್ಲ ಗೊತ್ತಿದ್ದು ಬೆಳೆಗಾರರ ಮನೆ ಜಗಲಿಯಲ್ಲಿ ಕೂತು ಮಾತಾಡಬಲ್ಲವರು ಸಿಗೋದು ಕಷ್ಟ. ನೀವು ಸಿಗ್ತೀರಿ, ಅದನ್ನು ಅವರಿಗೆ ಹೇಳಬೇಕು ಅಷ್ಟೇ.

ಮೇಲ್ ಚಿಕ್ಕದಿರಲಿ. ನಾನು ಸುಂಟಿಕೊಪ್ಪದವನು, ನಮ್ಮದು ರೋಬಸ್ಟಾ ತೋಟ, ಸಣ್ಣ ಬೆಳೆಗಾರರು ಮಾರುವ ರೀತಿಯ ಬಗ್ಗೆ ಎಂಬಿಎ ಪ್ರಾಜೆಕ್ಟ್ ಮಾಡ್ತಿದ್ದೇನೆ, ಖರೀದಿ ವಿಭಾಗದವರ ಜೊತೆ ಹದಿನೈದು ನಿಮಿಷ ಮಾತಾಡಬಹುದಾ ಅಂತ ಕೇಳಿ. ಕೆಲಸ ಕೊಡಿ ಅಂತ ಮೊದಲ ಮೇಲ್‌ನಲ್ಲೇ ಬರೆಯಬೇಡಿ. ಮಾತಾಡಿ ಬಂದ ಮೇಲೆ ಸಿವಿ ಕಳಿಸಿ. ಕೊಯ್ಲಿನ ಸಮಯ, ಅಂದ್ರೆ ಜನವರಿಯಿಂದ ಮಾರ್ಚ್, ಅವರಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಆಗ ಫೋನ್ ಎತ್ತಲಿಲ್ಲ ಅಂತ ಬೇಜಾರು ಬೇಡ, ನೇರ ಹೋಗಿ ಬನ್ನಿ.

ಅಪ್ಪನ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಆದರೆ ನಾಲ್ಕು ಎಕರೆಯ ಒಂದು ವರ್ಷದ ಖರ್ಚು, ಆದಾಯ ಗೊಬ್ಬರದ ಬಿಲ್‌ನಿಂದ ಹಿಡಿದು ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ. ಮಾತುಕತೆ ಬೇರೆ ದಿಕ್ಕಿಗೆ ಹೋಗುತ್ತೆ.

ಮೇಡಂ, ಬೆಂಗಳೂರಿನ ಒಂದು ಕಂಪನಿ ಕೆಲಸ ಕೊಟ್ಟಿದೆ. ಎರಡು ವರ್ಷದ ಬಾಂಡ್, ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಒರಿಜಿನಲ್ ಮಾರ್ಕ್ಸ್‌ಕಾರ್ಡ್‌ಗಳನ್ನೂ ಕೊಡಬೇಕಂತೆ. ಬಾಂಡ್‌ಗೆಲ್ಲ ಕೋರ್ಟಿನಲ್ಲಿ ಬೆಲೆ ಇಲ್ಲ, ಸೈನ್ ಹಾಕು ಅಂತ ಸೀನಿಯರ್‌ಗಳು ಹೇಳ್ತಾರೆ. ನಿಜವಾ?
ವಿರಾಜಪೇಟೆಯ ಓದುಗಿ

ಸೀನಿಯರ್‌ಗಳ ಮಾತು ಅರ್ಧ ಹಳತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಮೂರು ವರ್ಷ ಮುಗಿಸದೆ ಕೆಲಸ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋ ಷರತ್ತು ಅಲ್ಲಿ ಇತ್ತು, ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕು, ಮತ್ತೆ ಹುಡುಕಿ ನೇಮಕ ಮಾಡೋಕೆ ಅದಕ್ಕೆ ದೊಡ್ಡ ಖರ್ಚು. ಖಾಸಗಿ ಕಂಪನಿಯ ಪ್ರತಿ ಬಾಂಡೂ ಹಾಗೇ ನಿಲ್ಲುತ್ತೆ ಅಂತಲ್ಲ, ಕೇಳೋ ಮೊತ್ತಕ್ಕೂ ಅವರಿಗಾದ ನಷ್ಟಕ್ಕೂ ತಾಳೆ ಇದೆಯಾ ಅಂತ ನೋಡ್ತಾರೆ. ಆದರೂ 'ಬೆಲೆ ಇಲ್ಲ' ಅಂದುಕೊಂಡು ಕಣ್ಣುಮುಚ್ಚಿ ಸೈನ್ ಹಾಕಬೇಡಿ. ತರಬೇತಿ ಏನು ಕೊಡ್ತಾರೆ, ವರ್ಷ ಕಳೆದ ಹಾಗೆ ಮೊತ್ತ ಇಳಿಯುತ್ತಾ, ಕಂಪನಿಯೇ ನಿಮ್ಮನ್ನು ತೆಗೆದರೆ ಯಾರು ಕಟ್ಟಬೇಕು? ಈ ಮೂರಕ್ಕೂ ಕಾಗದದಲ್ಲಿ ಉತ್ತರ ಇರಬೇಕು.

ಒರಿಜಿನಲ್ ಮಾತ್ರ ಕೊಡಬೇಡಿ. ತೋರಿಸಿ, ಅವರ ಎದುರೇ ತಾಳೆ ನೋಡಲಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ. ಇಟ್ಟುಕೊಂಡೇ ತೀರ್ತೀವಿ ಅಂದರೆ ಆ ಕೆಲಸ ಬೇಡ ಅನ್ನೋದು ನನ್ನ ಅಭಿಪ್ರಾಯ.

ಮಗಳ ಎಂಬಿಎಗೆ ಬ್ಯಾಂಕಿನಿಂದ 6 ಲಕ್ಷ ಶಿಕ್ಷಣ ಸಾಲ ತೆಗೆದಿದ್ದೇವೆ. ಓದು ಮುಗೀತಾ ಬಂತು, ಕೆಲಸ ಸಿಕ್ಕಿಲ್ಲ. ಮುಂದಿನ ತಿಂಗಳಿಂದಲೇ ಕಂತು ಶುರುವಾಗುತ್ತಾ? ಯಾವುದಾದರೂ ಒಂದಕ್ಕೆ ಸೇರು ಅಂತ ಅವಳಿಗೆ ದಿನಾ ಹೇಳ್ತಿದ್ದೇನೆ.
ಸೋಮವಾರಪೇಟೆಯ ತಂದೆ

ದಿನಾ ಹೇಳೋದನ್ನು ಸ್ವಲ್ಪ ನಿಲ್ಲಿಸಿ ಸರ್. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಮುಗಿದ ಮೇಲೆ ಒಂದು ವರ್ಷದ ತನಕ ಕಂತಿಗೆ ಬಿಡುವು ಇರುತ್ತೆ. ನಿಮ್ಮ ಸಾಲದ ಮಂಜೂರಾತಿ ಪತ್ರದಲ್ಲಿ ಮೊರಟೋರಿಯಂ ಅಂತ ಇರೋ ಸಾಲು ಓದಿ, ಕಂತು ಶುರುವಾಗೋ ತಾರೀಕು ಮ್ಯಾನೇಜರ್ ಹತ್ತಿರ ಬರೆಸಿಕೊಳ್ಳಿ. ಬಿಡುವು ಕಂತಿಗೆ ಮಾತ್ರ, ಬಡ್ಡಿ ಓಡ್ತಾ ಇರುತ್ತೆ. ಕಾಫಿ, ಮೆಣಸು ಮಾರಿದ ದುಡ್ಡು ಕೈಯಲ್ಲಿದ್ದರೆ ಬಡ್ಡಿಯಷ್ಟಾದರೂ ಕಟ್ಟಿಬಿಡಿ, ಆಮೇಲೆ ಕಂತು ಹಗುರಾಗುತ್ತೆ. ಕೆಲಸ ಸಿಕ್ಕಿದ ಮೇಲೆ ಹಳೇ ತೆರಿಗೆ ಪದ್ಧತಿ ಆರಿಸಿಕೊಂಡರೆ ಕಟ್ಟಿದ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಹೊಸದರಲ್ಲಿ ಇಲ್ಲ.

ಯುವನಿಧಿ ಬರುತ್ತಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಮುಂದೆ ಓದ್ತಾ ಇರೋರಿಗೆ ಇಲ್ಲ.

ಬಿ.ಕಾಂ ಆಗಿದೆ, ಎಂಬಿಎ ರಿಸಲ್ಟ್ ಬಂದಿಲ್ಲ. ಬ್ಯಾಂಕ್ ಪರೀಕ್ಷೆ ಬರೆಯಬಹುದಾ?
ಪೊನ್ನಂಪೇಟೆ

ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆ ಬರೆಯಬಹುದು, ಅದಕ್ಕೆ ಪದವಿ ಸಾಕು, ಬಿ.ಕಾಂ ಮೇಲೆಯೇ ಹಾಕಿ. ವಯಸ್ಸು 20ರಿಂದ 30, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಎಚ್‌ಆರ್, ಮಾರ್ಕೆಟಿಂಗ್ ಆಫೀಸರ್ ಹುದ್ದೆಗೆ ಮಾತ್ರ ಎಂಬಿಎ ಬೇಕು, ಅಧಿಸೂಚನೆಯಲ್ಲಿ ಹೇಳಿದ ದಿನದೊಳಗೆ ರಿಸಲ್ಟ್ ಬಂದಿರಬೇಕು. ಗ್ರಾಮೀಣ ಬ್ಯಾಂಕ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ, ಮುಖ್ಯ ಕಚೇರಿ ಬಳ್ಳಾರಿ. ಪೊನ್ನಂಪೇಟೆ ಶಾಖೆಯಲ್ಲೇ ಕೂರ್ತೀನಿ ಅನ್ನೋ ಆಸೆ ಇದ್ದರೆ ಈಗಲೇ ಬಿಡಿ, ಬೀದರ್ ಆದರೂ ಹೋಗೋ ತಯಾರಿ ಇರಲಿ.

ಇಂಟರ್‌ವ್ಯೂ ಎಲ್ಲ ಜುಲೈನಲ್ಲಿ ಆನ್‌ಲೈನ್ ಅಂತೆ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.
ಭಾಗಮಂಡಲ

ಜುಲೈನಲ್ಲಿ ಭಾಗಮಂಡಲದಿಂದ ವಿಡಿಯೋ ಕಾಲ್ ಅನ್ನೋ ಯೋಚನೆಯೇ ಬೇಡ. ಹಿಂದಿನ ದಿನವೇ ಕುಶಾಲನಗರದಲ್ಲೋ ಮೈಸೂರಿನಲ್ಲೋ ಇರೋ ನೆಂಟರ ಮನೆಗೆ ಹೋಗಿಬಿಡಿ. ಬೆಳಗ್ಗೆ ಹೊರಟರಾಯ್ತು ಅಂದುಕೊಂಡರೆ ದಾರಿಗೆ ಮರ ಬಿದ್ದಿರುತ್ತೆ, ನಿಮಗೇ ಗೊತ್ತಲ್ಲ. ಎಚ್‌ಆರ್‌ಗೆ ಮುಂಚೆಯೇ ಮೇಲ್ ಹಾಕಿ, ವಿಡಿಯೋ ಕೈಕೊಟ್ಟರೆ ಈ ನಂಬರಿಗೆ ಫೋನ್ ಮಾಡಿ ಅಂತ ತಿಳಿಸಿ. ಗುರುಗ್ರಾಮದಲ್ಲಿ ಕೂತವರಿಗೆ ನಮ್ಮ ಮಳೆ ಗೊತ್ತಿಲ್ಲ, ಮೊದಲೇ ಹೇಳಿದರೆ ಮುಂದಾಲೋಚನೆ ಇದೆ ಅಂತಾರೆ, ಆಮೇಲೆ ಹೇಳಿದರೆ ನೆಪ ಅಂತಾರೆ.

ದೊಡ್ಡ ಕಂಪನಿಯಿಂದ ಅಂತ ಇಂಟರ್‌ವ್ಯೂ ಇಲ್ಲದೆಯೇ ವಾಟ್ಸ್ಆ್ಯಪ್‌ನಲ್ಲಿ ಆಫರ್ ಲೆಟರ್ ಬಂದಿದೆ. ಲ್ಯಾಪ್‌ಟಾಪ್ ಡೆಪಾಸಿಟ್ ಅಂತ 4,500 ಕೇಳ್ತಿದ್ದಾರೆ, ಕೆಲಸ ಸೇರಿದ ಮೇಲೆ ವಾಪಸ್ ಅಂತೆ. ಕಟ್ಟಲಾ?
ಮಡಿಕೇರಿ

ಬೇಡ. ಇಂಟರ್‌ವ್ಯೂನೇ ಮಾಡದೆ ಯಾರೂ ಕೆಲಸ ಕೊಡಲ್ಲ, ನಿಜವಾದ ಕಂಪನಿ ಲ್ಯಾಪ್‌ಟಾಪ್‌ಗೆ ನಿಮ್ಮ ಹತ್ತಿರ ದುಡ್ಡು ಕೇಳಲ್ಲ. ಆಧಾರ್, ಪ್ಯಾನ್ ಫೋಟೊನೂ ಕಳಿಸಬೇಡಿ. ಈಗಾಗಲೇ ದುಡ್ಡು ಹಾಕಿದ್ದರೆ ಈ ಪುಟ ಮಡಚಿಟ್ಟು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ.